ಹೈದರನ ವರಹದಲ್ಲಿ ಶಿವ-ಪಾರ್ವತಿ

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ರಾಜಧಾನಿ, ಖಜಾನೆ ಎರಡೂ ಅವನ ಕೈಸೇರಿದವು. ಊರಿನ ಹೆಸರೇ ಹೈದರ್‌ನಗರವಾಯಿತು. ಆದರೆ ಅವನು ಅಚ್ಚುಹಾಕಿಸಿದ ಚಿನ್ನದ ವರಹದಲ್ಲಿ ಶಿವ-ಪಾರ್ವತಿ ಕದಲದೆ ಕುಳಿತಿದ್ದರು. ಕೆಳದಿ ಅರಸರ ಇಕ್ಕೇರಿ ವರಹದ ಹಿಂಬದಿಯಲ್ಲಿದ್ದ 'ಶ್ರೀ ಸದಾಶಿವ' ಎಂಬ ನಾಗರಿ ಬರಹ ಹೋಗಿ, ಚುಕ್ಕಿಗಳ ನಡುವೆ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರವೊಂದು ಬಂತು. ಅಷ್ಟೇ ಬದಲಾವಣೆ.

ನನ್ನ ಮಟ್ಟಿಗೆ ಆ ಕಾಲದ ದೊಡ್ಡ ರಾಜಕೀಯ ವಿವೇಕ ಇದು. ಅಡಕೆ, ಮೆಣಸಿನ ವ್ಯಾಪಾರಿಗೆ ಸಿಂಹಾಸನದಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಕೈಗೆ ಬಂದ ವರಹ ನಾಳೆಯೂ ನಡೆಯುತ್ತದೆಯೇ ಎನ್ನುವುದು ಮುಖ್ಯ. ಪರಿಚಿತ ಮುಖವನ್ನು ಅಳಿಸಿದರೆ ನಂಬಿಕೆಯೂ ಅಳಿಯುತ್ತದೆಂದು ಹೈದರ್ ಬಲ್ಲ.

ಮಗ ಟಿಪ್ಪು ಬೇರೆ ದಾರಿ ಹಿಡಿದ. ಚಿನ್ನದ ಮೇಲೆ ತಂದೆಯ ಅಕ್ಷರವನ್ನು ಉಳಿಸಿಕೊಂಡು ದೇವರನ್ನು ಕೈಬಿಟ್ಟ. ದೆಹಲಿ ಬಾದಶಹನ ಹೆಸರನ್ನು ಹಾಕಲಿಲ್ಲ, ತನ್ನ ಹೆಸರನ್ನೂ ಹಾಕಲಿಲ್ಲ. ತಾಮ್ರದ ಕಾಸಿಗೆ ಗ್ರಹಗಳ ಹೆಸರಿಟ್ಟ: ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಮಂಗಳ. ಅವುಗಳ ಮೇಲೆ ಆನೆ ನಡೆಯಿತು. ತಂದೆಯ ಕೊನೆಗಾಲದಲ್ಲಿ ತಾಮ್ರಕ್ಕೆ ಬಂದಿದ್ದ ಆನೆ ಅದು.

1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಾಲ್ಯದಲ್ಲೇ ಮೈಸೂರಿನ ಪಟ್ಟಕ್ಕೇರಿಸಿದರು. ವರಹಕ್ಕೆ ಶಿವ-ಪಾರ್ವತಿ ಮರಳಿದರು, ಹಿಂಬದಿಯಲ್ಲಿ 'ಶ್ರೀ ಕೃಷ್ಣರಾಜ' ಮೂಡಿತು. ತಾಮ್ರದ ಮೇಲೆ ಮಾತ್ರ ಸೋತವರ ಆನೆ ಉಳಿದುಕೊಂಡಿತು, ನೆತ್ತಿಯ ಮೇಲೆ ಸೂರ್ಯಚಂದ್ರರೊಡನೆ. ಬೆಳ್ಳಿ ರೂಪಾಯಿಯಲ್ಲಿ ಮೊಗಲ್ ದೊರೆ ಷಾ ಆಲಂನ ಹೆಸರು ಕಾಣಿಸಿತು. ಒಂದೇ ಚೀಲದಲ್ಲಿ ಮೂರು ಅಧಿಕಾರಗಳ ಗುರುತು!

ಕಾಲ ಸರಿದಂತೆ ಆನೆಯ ಜಾಗಕ್ಕೆ ಚಾಮುಂಡಿಯ ಸಿಂಹ ಬಂತು. ಈ ಕಾಸುಗಳ ಮೇಲೆ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಇದ್ದವು. 'ಮೈಲಿ ಕಾಸು' ಎನಿಸಿದ ಈ ತಾಮ್ರದ ಕಾಸಿನ ಬೆಲೆ ಎಷ್ಟೆಂದು ಸಂತೆಯವನು ತನ್ನ ಲಿಪಿಯಲ್ಲೇ ಓದಬಹುದಿತ್ತು. 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅದರೊಂದಿಗೆ ಮೈಸೂರಿನ ಕಾಸಿನ ಮೇಲಿನ ಕನ್ನಡವೂ ನಿಂತಿತು.

ಇಂದು ನಾವು ದಿನವೂ ಬಳಸುವ ನಾಣ್ಯಗಳಲ್ಲಿ ನಾಗರಿ ಮತ್ತು ರೋಮನ್ ಅಕ್ಷರಗಳಷ್ಟೇ ಇವೆ. ನೋಟಿನ ಹಿಂಬದಿಯ ಭಾಷೆಗಳ ಸಾಲಿನಲ್ಲಿ ಕನ್ನಡಕ್ಕೆ ಜಾಗವುಂಟು, ಚಿಲ್ಲರೆಯಲ್ಲಿ ಇಲ್ಲ. ಕೈಗೊಂಬೆಯೆನಿಸಿಕೊಂಡ ಅರಸನ ಕಾಲದಲ್ಲಿ ಸಾಧ್ಯವಾದದ್ದು ಗಣರಾಜ್ಯದಲ್ಲಿ ಯಾಕಾಗಬಾರದು? ಬಡವನ ಕಾಸು ಬಡವನ ಲಿಪಿಯಲ್ಲಿರಲಿ ಎಂದು ಕೇಳುವ ಹಕ್ಕು ನಮಗಿದೆ, ಕೇಳಬೇಕು.