ಕಟ್ಟುವ ಆಟದ ಇಟ್ಟಿಗೆಗಳು: ಯಾವ ವಯಸ್ಸಿಗೆ ಯಾವುವು?

ಮಕ್ಕಳ ಆಟಿಕೆಗಳಲ್ಲಿ ಬಹುಪಾಲು ಒಂದೊಂದು ಕೆಲಸಕ್ಕೆಂದೇ ನಿರ್ಮಿತವಾದವು. ಬುಗುರಿ ತಿರುಗುವುದಕ್ಕೆ, ಗಿಲಕಿ ಸದ್ದು ಮಾಡುವುದಕ್ಕೆ, ಬಂಡಿ ಉರುಳುವುದಕ್ಕೆ. ಕಟ್ಟುವ ಇಟ್ಟಿಗೆಗಾದರೋ ಇಂಥದೇ ಎಂಬ ಕೆಲಸವಿಲ್ಲ. ಅದು ಇಂದು ಗೋಪುರ, ನಾಳೆ ಸೇತುವೆ, ನಾಡಿದ್ದು ಆನೆ. ಆದುದರಿಂದಲೇ ಅದನ್ನು ಆರಿಸುವುದು ತಂದೆತಾಯಿಗಳಿಗೆ ಕಷ್ಟವಾಗುತ್ತದೆ. ಮರದವೋ ಪ್ಲಾಸ್ಟಿಕ್ಕಿನವೋ? ದೊಡ್ಡವೋ ಸಣ್ಣವೋ? ತಮ್ಮ ಮಗು ಚುರುಕೆಂಬ ಅಭಿಮಾನದಿಂದ ವಯಸ್ಸಿಗೆ ಮೀರಿದ ಪೆಟ್ಟಿಗೆಯನ್ನು ಕೊಳ್ಳುವವರೂ ಉಂಟು. ಈ ಪ್ರಶ್ನೆಗೆ ಉತ್ತರವನ್ನು ಬೆಲೆಯಲ್ಲಿ ಹುಡುಕದೆ, ಮಗುವಿನ ಕೈಗೂ ಭೂಮಿಯ ಆಕರ್ಷಣೆಗೂ ನಡುವೆ ನಡೆಯುವ ವ್ಯವಹಾರದಲ್ಲಿ ಹುಡುಕುವುದು ಮೇಲೆಂದು ನಾವು ಭಾವಿಸುತ್ತೇವೆ.

ಈ ಆಟಿಕೆಯನ್ನು ಶಿಕ್ಷಣದ ಸಾಧನವಾಗಿ ರೂಪಿಸಿದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ ಪ್ರಮುಖನು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಸಂಸ್ಥೆಯನ್ನು ತೆರೆದ ಆತನು, ಮಕ್ಕಳಿಗೆ ಕೊಡತಕ್ಕ ಆಟಿಕೆಗಳನ್ನು ‘ಕೊಡುಗೆ’ಗಳೆಂದು ಕರೆದನು. ಮೂರನೆಯ ಕೊಡುಗೆಯು ಎರಡು ಅಂಗುಲದ ಒಂದು ಮರದ ಘನ. ಅದು ಒಂದೊಂದು ಅಂಗುಲದ ಎಂಟು ಘನಗಳಾಗಿ ಬಿಡಿಸಿಕೊಳ್ಳುತ್ತಿತ್ತು. ಇಡಿಯನ್ನು ಬಿಡಿಸುವುದು, ಬಿಡಿಗಳಿಂದ ಮತ್ತೆ ಇಡಿಯನ್ನು ಕಟ್ಟುವುದು: ಈ ಪಾಠಕ್ಕೆ ಎಂಟು ತುಂಡುಗಳೇ ಸಾಕಾಗಿದ್ದುವು.

ಮೊದಲು ಒಂದರಿಂದ ಮೂರು ವರ್ಷದವರೆಗಿನ ಅವಸ್ಥೆಯನ್ನು ನೋಡೋಣ. ಸುಮಾರು ಹದಿನೈದು ತಿಂಗಳ ಕೂಸು ಒಂದು ಘನದ ಮೇಲೆ ಇನ್ನೊಂದನ್ನು ಇಡಬಲ್ಲುದು. ಒಂದೂವರೆ ವರ್ಷಕ್ಕೆ ಮೂರು ನಾಲ್ಕನ್ನು, ಎರಡು ವರ್ಷಕ್ಕೆ ಆರನ್ನು ಪೇರಿಸುತ್ತದೆ. ಮೂರರ ಸುಮಾರಿಗೆ, ಎರಡು ಘನಗಳ ಮೇಲೆ ಮೂರನೆಯದನ್ನು ಅಡ್ಡವಾಗಿರಿಸಿ ಸೇತುವೆಯನ್ನು ಕಟ್ಟುತ್ತದೆ. ಮಕ್ಕಳೆಲ್ಲರೂ ಒಂದೇ ದಿನ ಈ ಮೆಟ್ಟಿಲನ್ನು ಹತ್ತುವುದಿಲ್ಲ. ಹತ್ತುವ ಕ್ರಮ ಮಾತ್ರ ಸಾಮಾನ್ಯವಾಗಿ ಇದೇ. ಈ ವಯಸ್ಸಿಗೆ ಒಂದಕ್ಕೊಂದು ಕಚ್ಚಿಕೊಳ್ಳದ, ನುಣುಪಾದ ಅಂಚಿನ ಮರದ ತುಂಡುಗಳೇ ಉತ್ತಮ. ಕಾರಣವೇನು? ಅವನ್ನು ಗುರಿಯಿಟ್ಟು ಒತ್ತಬೇಕಾಗಿಲ್ಲ, ಇಟ್ಟರೆ ಸಾಕು. ಮೇಲಿನ ತುಂಡಿನ ಗುರುತ್ವಕೇಂದ್ರವು ಕೆಳಗಿನ ಆಸರೆಯನ್ನು ಮೀರಿ ಹೋದೊಡನೆ ಅದು ಉರುಳುತ್ತದೆ. ಹೀಗೆ ತಪ್ಪನ್ನು ತೋರಿಸುವುದಕ್ಕೆ ಹಿರಿಯರೇ ಬೇಕೆಂದಿಲ್ಲ, ಭೂಮಿಯೇ ತೋರಿಸಿಕೊಡುತ್ತದೆ.

ಆದರೆ ಇದೇ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸಣ್ಣ ತುಂಡೊಂದು ಗಂಟಲಿನಲ್ಲಿ ಸಿಕ್ಕಿಕೊಂಡರೆ ನಿಮಿಷಗಳೊಳಗೆ ಪ್ರಾಣಾಪಾಯ. ಮೂರು ವರ್ಷದೊಳಗಿನವರ ಆಟಿಕೆಗಳನ್ನು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯಿಂದ ಪರೀಕ್ಷಿಸುತ್ತಾರೆ. ಅದರ ತಳ ಇಳಿಜಾರಾಗಿದ್ದು, ಆಳ 25.4ರಿಂದ 57.1 ಮಿಲಿಮೀಟರ್‌ವರೆಗೆ ಇರುತ್ತದೆ. ಯಾವ ತುಂಡು ಇದರೊಳಗೆ ಪೂರ್ತಿಯಾಗಿ ಅಡಗುವುದೋ ಅದು ವರ್ಜ್ಯ. ವಾಚಕರು ಇದನ್ನು ಸ್ಥೂಲವಾಗಿ ಮನೆಯಲ್ಲಿಯೇ ಮಾಡಿ ನೋಡಬಹುದು. ಹತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲದ ದಪ್ಪ ಕಾಗದವನ್ನು ಉದ್ದದ ತುದಿಗಳೆರಡೂ ತಾಗುವಂತೆ ಸುತ್ತಿ ಅಂಟಿಸಿದರೆ, ವ್ಯಾಸವು ಸುಮಾರು 31.8 ಮಿಲಿಮೀಟರ್ ಆಗುತ್ತದೆ. ಒಂದು ಅಂಗುಲದ ಘನದ ಮುಖದ ಕರ್ಣ ಸುಮಾರು 36 ಮಿಲಿಮೀಟರ್; ಅದು ಕೊಳವೆಯೊಳಗೆ ಇಳಿಯದು. ಆದರೂ ಎಳೆಯ ಕೈಗೆ ಇನ್ನೂ ಕೊಂಚ ದೊಡ್ಡ ತುಂಡುಗಳೇ ಹಿತ.

ಎರಡು ವರ್ಷ ಕಳೆದ ಬಳಿಕ ಕಚ್ಚಿಕೊಳ್ಳುವ ದೊಡ್ಡ ಇಟ್ಟಿಗೆಗಳನ್ನು ಕೊಡಬಹುದು. ಡೆನ್ಮಾರ್ಕಿನ ಲೆಗೊ ಸಂಸ್ಥೆಯು 1969ರಲ್ಲಿ ಹೊರತಂದ ಡ್ಯೂಪ್ಲೊ ಇಟ್ಟಿಗೆ ಇಂಥದು. ಅದರ ಉದ್ದ, ಅಗಲ, ಎತ್ತರಗಳು ಸಾಮಾನ್ಯ ಲೆಗೊ ಇಟ್ಟಿಗೆಯ ಎರಡರಷ್ಟು. ಆದುದರಿಂದ ಗಾತ್ರ ಎಂಟರಷ್ಟು. ಸಣ್ಣ ಇಟ್ಟಿಗೆಗಳನ್ನು ಇದರ ಮೇಲೆ ಕೂರಿಸಲೂ ಬರುವುದರಿಂದ, ಮಗು ಬೆಳೆದ ಮೇಲೂ ಕೊಂಡದ್ದು ವ್ಯರ್ಥವಾಗುವುದಿಲ್ಲ.

ನಾಲ್ಕೈದು ವರ್ಷಗಳಾದಾಗ ಬೆರಳುಗಳಿಗೆ ನಯವೂ ಬಲವೂ ಬಂದಿರುತ್ತವೆ; ಆಗ ಸಣ್ಣ ಇಟ್ಟಿಗೆಯ ಸರದಿ. ಅದರ ಹಿಡಿತದ ರಹಸ್ಯವು 1958ರಲ್ಲಿ ಪೇಟೆಂಟಿಗಾಗಿ ಸಲ್ಲಿಸಿದ ರಚನೆಯಲ್ಲಿದೆ. ಮೇಲಿನ ಗುಬುಟುಗಳ ಕೇಂದ್ರಗಳು ಪರಸ್ಪರ 8 ಮಿಲಿಮೀಟರ್ ದೂರದಲ್ಲಿವೆ. ಗುಬುಟಿನ ವ್ಯಾಸ 4.8. ನಾಲ್ಕು ಗುಬುಟುಗಳ ಚೌಕದ ಕರ್ಣ 11.31, ಅದರಿಂದ 4.8ನ್ನು ಕಳೆದರೆ 6.51 ಉಳಿಯುತ್ತದೆ. ಇಟ್ಟಿಗೆಯ ಒಳಗಿನ ಕೊಳವೆಯ ಹೊರವ್ಯಾಸವೂ ಇಷ್ಟೇ! ಒತ್ತಿದಾಗ ಪ್ಲಾಸ್ಟಿಕ್ಕು ಕಣ್ಣಿಗೆ ಕಾಣದಷ್ಟು ಬಾಗಿ, ತನ್ನ ಸ್ಥಿತಿಸ್ಥಾಪಕತ್ವದಿಂದ ಗುಬುಟುಗಳನ್ನು ಒತ್ತಿಹಿಡಿಯುತ್ತದೆ. ಘರ್ಷಣೆಯು ಜಾರದಂತೆ ತಡೆಯುತ್ತದೆ. ಅಳತೆಯಲ್ಲಿ ಅತ್ಯಲ್ಪ ವ್ಯತ್ಯಾಸವಾದರೂ ಹಿಡಿತ ಸಡಿಲವಾಗುತ್ತದೆ, ಇಲ್ಲವೆ ಬಿಡಿಸಲು ಬಾರದಂತಾಗುತ್ತದೆ. ಕೊಳ್ಳುವಾಗ ಎರಡು ಇಟ್ಟಿಗೆಗಳನ್ನು ಕೂಡಿಸಿ ಬಿಡಿಸಿ ನೋಡುವುದು ಈ ಕಾರಣದಿಂದ ಜಾಣತನ.

ಎಷ್ಟು ಇಟ್ಟಿಗೆಗಳು ಬೇಕು? ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರನ್ನು 1,060 ಬಗೆಯಲ್ಲಿ. ಆರನ್ನು ಜೋಡಿಸುವ ಬಗೆಗಳು 91,51,03,765 ಎಂದು ಡೆನ್ಮಾರ್ಕಿನ ಗಣಿತಜ್ಞ ಸೊರೆನ್ ಐಲರ್ಸ್ ಗಣಕಯಂತ್ರದ ನೆರವಿನಿಂದ ಎಣಿಸಿದ್ದಾರೆ. ಆದುದರಿಂದ, ಒಂದೇ ವಿಮಾನವನ್ನು ಕಟ್ಟುವುದಕ್ಕೆಂದು ಬಂದ ಸಾವಿರ ತುಂಡುಗಳ ಪೆಟ್ಟಿಗೆಗಿಂತ, ಸಾಧಾರಣ ಆಕಾರದ ನೂರು ಇಟ್ಟಿಗೆಗಳು ಮಗುವಿನ ಕಲ್ಪನೆಗೆ ಹೆಚ್ಚು ಕೆಲಸ ಕೊಡುತ್ತವೆ.

ಸಣ್ಣ ಇಟ್ಟಿಗೆಗಳು ಬಂದುವೆಂದು ಮರದ ತುಂಡುಗಳನ್ನು ಅಟ್ಟಕ್ಕೆ ಹಾಕಬಾರದು. ಕಚ್ಚಿಕೊಳ್ಳುವ ಇಟ್ಟಿಗೆಯು ವಾಲಿದರೂ ನಿಲ್ಲುತ್ತದೆ. ಗುರುತ್ವದ ಪಾಠವನ್ನು ಅದು ಅರ್ಧ ಮರೆಮಾಡುತ್ತದೆ. ಏಳೆಂಟು ವರ್ಷದವರಿಗೆ ಒಂದೇ ಉದ್ದದ ಮರದ ತುಂಡುಗಳನ್ನು ಕೊಟ್ಟು, ಮೇಜಿನ ಅಂಚಿನಿಂದ ಎಷ್ಟು ಹೊರಚಾಚಬಲ್ಲಿರೆಂದು ಕೇಳಬೇಕು. ಮೇಲಿನದನ್ನು ಅದರ ಉದ್ದದ ಅರ್ಧ, ಅದರ ಕೆಳಗಿನದನ್ನು ಕಾಲು, ಮುಂದಿನವನ್ನು ಆರನೆಯ ಒಂದು, ಎಂಟನೆಯ ಒಂದು ಭಾಗ ಚಾಚಿದರೆ ಮೊತ್ತ 25/24. ಎಂದರೆ, ಮೇಲಿನ ತುಂಡು ಪೂರ್ತಿಯಾಗಿ ಮೇಜಿನ ಆಚೆ! ಇದು ಗಣಿತದ ಮೇರೆ. ಕೈಯಿಂದ ಸಾಧಿಸಲು ಐದಾರು ತುಂಡುಗಳು ಬೇಕಾದಾವು. ನಾವು ಕಾಲೇಜಿನಲ್ಲಿ ಸೂತ್ರವಾಗಿ ಬೋಧಿಸುವುದನ್ನು ಮಗು ಬೆರಳ ತುದಿಯಲ್ಲಿ ಅರಿಯುತ್ತದೆ.

ಇನ್ನೆರಡು ಎಚ್ಚರಿಕೆಗಳು. ಅಯಸ್ಕಾಂತವುಳ್ಳ ಫಲಕಗಳು ಆಕರ್ಷಕವೇನೋ ಹೌದು. ಆದರೆ ಒಡೆದ ಫಲಕವನ್ನು ಕೂಡಲೇ ಎಸೆಯಬೇಕು. ಮಗು ಎರಡು ಅಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಮಡಿಕೆಗಳ ಆಚೀಚೆ ನಿಂತು ಒಂದನ್ನೊಂದು ಸೆಳೆದು, ನಡುವಣ ಗೋಡೆಯನ್ನು ತೂತುಮಾಡಬಲ್ಲುವು. ನುಂಗಿತೆಂಬ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದಾಗಿ, 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳ ಮೇಲೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಬೇಕು. ಭೌಗೋಳಿಕ ಸೂಚಿಯನ್ನು ಪಡೆದ ಚನ್ನಪಟ್ಟಣದ ಆಟಿಕೆಗಳಂಥವಕ್ಕೆ ಇದರಿಂದ ವಿನಾಯಿತಿಯುಂಟು. ಅವನ್ನು ಕೊಳ್ಳುವಾಗ ತುಂಡಿನ ಗಾತ್ರವನ್ನೂ ಅಂಚಿನ ನುಣುಪನ್ನೂ ನಾವೇ ಪರೀಕ್ಷಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ಒಂದು ಮಾತು. ಮಗುವಿನ ಗೋಪುರ ವಾಲುತ್ತಿರುವಾಗ ಹಿರಿಯರ ಕೈ ತಾನಾಗಿಯೇ ಮುಂದಾಗುತ್ತದೆ. ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಒಳ್ಳೆಯದು. ಕಟ್ಟಿದ್ದು ಬೀಳಲಿ, ಏಕೆ ಬಿತ್ತೆಂದು ಮಗು ಒಂದು ಗಳಿಗೆ ನೋಡಲಿ. ಮತ್ತೆ ಕಟ್ಟುವಾಗ ಅದು ಅಡಿಯ ಇಟ್ಟಿಗೆಯನ್ನು ಅಗಲವಾಗಿರಿಸಿದರೆ, ನಾವು ಆರಿಸಿದ ಆಟಿಕೆ ಅದರ ವಯಸ್ಸಿಗೆ ತಕ್ಕುದಾಗಿದೆಯೆಂದೇ ಅರ್ಥ.