ಕಾಲೂರದ ಸವಾರಿ

ಮೋಟಾರ್ ಸೈಕಲ್ಲಿನ ಪಂದ್ಯವೆಂದರೆ ವೇಗದ ಪಂದ್ಯವೆಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಯಾರು ಮೊದಲು ಗುರಿ ಮುಟ್ಟುವರೋ ಅವರೇ ಗೆದ್ದವರು. ಆದರೆ ಮನುಷ್ಯನ ನಡಿಗೆಯನ್ನು ಮೀರದ ವೇಗದಲ್ಲಿ, ಕೆಲವು ವೇಳೆ ಗಾಡಿ ನಿಂತೇ ಹೋಯಿತೇನೋ ಎಂಬಷ್ಟು ನಿಧಾನವಾಗಿ ನಡೆಯುವ ಪಂದ್ಯವೂ ಒಂದುಂಟು. ಅದರ ಹೆಸರು ‘ಟ್ರಯಲ್ಸ್’, ಎಂದರೆ ಪರೀಕ್ಷೆ. ಪರೀಕ್ಷೆಯೆಂಬ ಮಾತು ಕೇಳಿದೊಡನೆ ನನ್ನ ಸಹಪಾಠಿ ಮಿತ್ರರು ಪುಟ ತಿರುವಿಬಿಡಬಾರದೆಂದು ಬೇಡಿಕೊಳ್ಳುತ್ತೇನೆ. ಈ ಪರೀಕ್ಷೆಯಲ್ಲಿ ಸೊನ್ನೆ ಪಡೆದವನೇ ಮೊದಲನೆಯ ದರ್ಜೆಯವನು!

ಪಂದ್ಯದ ಕ್ರಮ ಹೀಗಿದೆ. ಬಂಡೆ, ಹಳ್ಳ, ಕೆಸರು, ಮರದ ಬೇರು, ಕಡಿದಾದ ಏರು ಇವುಗಳ ನಡುವೆ ಒಂದು ಸಣ್ಣ ಹಾದಿಯನ್ನು ಗುರುತು ಮಾಡಿರುತ್ತಾರೆ. ಇಂಥ ಹಾದಿಯ ತುಂಡುಗಳು ಒಂದು ದಿನಕ್ಕೆ ಹಲವಾರು. ಪ್ರತಿಯೊಂದರ ಬಳಿಯೂ ಒಬ್ಬ ವೀಕ್ಷಕ ನಿಂತಿರುತ್ತಾನೆ. ಸವಾರನು ನೆಲಕ್ಕೆ ಕಾಲು ಊರದೆ ದಾಟಿದರೆ ಸೊನ್ನೆ. ಒಮ್ಮೆ ಊರಿದರೆ ೧, ಎರಡು ಸಲ ಊರಿದರೆ ೨, ಮೂರು ಅಥವಾ ಅದಕ್ಕೂ ಹೆಚ್ಚು ಸಲವಾದರೆ ೩. ಬಿದ್ದರೆ, ಗುರುತಿನಿಂದ ಆಚೆ ಹೋದರೆ, ದಾಟಲಾರದೆ ಸೋತರೆ ೫. ದಿನದ ಕೊನೆಗೆ ಯಾರ ಲೆಕ್ಕ ಕಡಿಮೆಯೋ ಅವರಿಗೆ ಜಯ. ಹಾದಿಯನ್ನು ಮೊದಲು ನಡೆದು ನೋಡಲು ಎಲ್ಲರಿಗೂ ಅವಕಾಶವುಂಟು. ಪ್ರಶ್ನೆಪತ್ರಿಕೆಯನ್ನು ಮುಂಚೆಯೇ ತೋರಿಸಿದರೂ ಉತ್ತರ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಕಾಣಬಹುದು.

ಈ ಆಟದ ತವರು ಬ್ರಿಟನ್. ಮೋಟಾರ್ ಸೈಕಲ್ಲು ಹೊಸದಾಗಿದ್ದ ಕಾಲದಲ್ಲಿ ಅದು ಕೆಟ್ಟ ಹಾದಿಯನ್ನು ತಾಳೀತೇ ಎಂದು ಪರೀಕ್ಷಿಸಲು ಹುಟ್ಟಿದ ಪಂದ್ಯವಿದು. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಆರು ದಿನಗಳ ಕಾಲ ನಡೆಯುವ ‘ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್’ ಇವುಗಳಲ್ಲಿ ಬಹಳ ಹಳೆಯದು, ಬಹಳ ಹೆಸರಾದದ್ದು. ನಮ್ಮ ದೇಶಕ್ಕೂ ಅದಕ್ಕೂ ಒಂದು ನಂಟುಂಟು. ೧೯೫೨ ರಲ್ಲಿ ಆ ಪಂದ್ಯವನ್ನು ಜಾನಿ ಬ್ರಿಟನ್ ಎಂಬ ತರುಣ ಗೆದ್ದದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಮೇಲೆ. ಅದೇ ಬುಲೆಟ್ಟು ೧೯೫೫ ರಿಂದೀಚೆಗೆ ಮದರಾಸಿನಲ್ಲಿ ತಯಾರಾಗತೊಡಗಿತು. ನಮ್ಮೂರ ರಸ್ತೆಯಲ್ಲಿ ‘ಡುಗ್ ಡುಗ್’ ಎನ್ನುತ್ತ ಹೋಗುವ ಗಾಡಿಯ ವಂಶದವರು ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಬಂಡೆಗಳನ್ನು ಹತ್ತಿದವರೆಂದು ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ಮುಂದೆ ಭಾರದ ಗಾಡಿಗಳ ಕಾಲ ಮುಗಿಯಿತು. ಸ್ಯಾಮಿ ಮಿಲ್ಲರ್ ಎಂಬ ಪ್ರಸಿದ್ಧ ಸವಾರ ತನ್ನ ಏರಿಯಲ್ ಗಾಡಿಯನ್ನು ಬಿಟ್ಟು, ಸ್ಪೇನ್ ದೇಶದ ಬುಲ್ಟಾಕೊ ಎಂಬ ಹಗುರವಾದ ಟೂ-ಸ್ಟ್ರೋಕ್ ಗಾಡಿಯಲ್ಲಿ ೧೯೬೫ ರ ಸ್ಕಾಟಿಷ್ ಪಂದ್ಯವನ್ನು ಗೆದ್ದನು. ವಿಶ್ವ ಚಾಂಪಿಯನ್ ಪದವಿ ೧೯೭೫ ರಲ್ಲಿ ಆರಂಭವಾಯಿತು. ಮೊದಲು ಪಡೆದವನು ಇಂಗ್ಲೆಂಡಿನ ಮಾರ್ಟಿನ್ ಲ್ಯಾಂಪ್‌ಕಿನ್. ಅವನ ಮಗ ಡೂಗಿ ೧೯೯೭ ರಿಂದ ೨೦೦೩ ರ ವರೆಗೆ ಸತತವಾಗಿ ಏಳು ಸಲ ಅದೇ ಪದವಿಯನ್ನು ಪಡೆದನು. ಸ್ಪೇನಿನ ಟೋನಿ ಬೌ ೨೦೦೭ ರಿಂದ ೨೦೨೪ ರ ವರೆಗೆ ಒಂದು ವರ್ಷವೂ ಅದನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಇದು ಗಂಡಸರ ಆಟವೆಂದು ಯಾರೂ ತಿಳಿಯಬೇಕಾಗಿಲ್ಲ. ಅದೇ ದೇಶದ ಲಾಯಾ ಸಾನ್ಸ್ ಎಂಬಾಕೆ ಮಹಿಳೆಯರ ವಿಶ್ವ ಪದವಿಯನ್ನು ಹಲವಾರು ಸಲ ಗೆದ್ದಿದ್ದಾಳೆ.

ಇಂದಿನ ಟ್ರಯಲ್ಸ್ ಗಾಡಿಯನ್ನು ಕಂಡರೆ ಯಾರೋ ಅರ್ಧ ಬಿಚ್ಚಿಟ್ಟು ಹೋದಂತೆ ಕಾಣುತ್ತದೆ. ಕೂರುವ ಸೀಟೇ ಇಲ್ಲ. ಏಕೆಂದರೆ ಸವಾರ ಕೂರುವುದೇ ಇಲ್ಲ. ತೂಕ ಸುಮಾರು ೭೦ ಕಿಲೋ. ಪೆಟ್ರೋಲ್ ಟ್ಯಾಂಕು ಎರಡು ಮೂರು ಲೀಟರಿನದು. ಬಂಡೆ ತಗುಲದಂತೆ ಎಂಜಿನ್ನನ್ನು ನೆಲದಿಂದ ಎತ್ತರಕ್ಕೆ ಕೂರಿಸಿ, ಕೆಳಗೆ ಗಟ್ಟಿ ತಗಡು ಹೊದಿಸಿರುತ್ತಾರೆ. ಆಶ್ಚರ್ಯವೆಂದರೆ ಟಯರಿನ ಗಾಳಿ. ರಸ್ತೆಯ ಗಾಡಿಗೆ ನಾವು ೨೫-೩೦ ಪೌಂಡು ಹಾಕಿಸಿದರೆ, ಇವರು ಐದಾರು ಪೌಂಡಿನಷ್ಟೇ ಇಡುತ್ತಾರೆ. ಗಾಳಿ ಕಡಿಮೆಯಿದ್ದರೆ ಟಯರು ಮೆತ್ತಗಾಗಿ ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಉಡ ಗೋಡೆ ಹಿಡಿದ ಹಾಗೆ ಎನ್ನಬಹುದು. ಟ್ಯೂಬಿರುವ ಹಳೆಯ ಗಾಡಿಯಲ್ಲಿ ಹೀಗೆ ಮಾಡುವವರು ಎಚ್ಚರದಿಂದಿರಬೇಕು. ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಬಾಯಿಯನ್ನು ಹರಿದುಬಿಡುತ್ತದೆ. ಇದನ್ನು ತಡೆಯಲು ಟಯರನ್ನು ರಿಮ್ಮಿಗೆ ಒತ್ತಿ ಹಿಡಿಯುವ ಬೋಲ್ಟನ್ನು ಹಾಕುತ್ತಾರೆ.

ನನ್ನದು ಅಂಥ ಗಾಡಿಯಲ್ಲ. ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಬಂಡೆಗಳಿಗೆ ಬರವಿಲ್ಲ, ದುಡ್ಡಿಗೆ ಉಂಟು. ಸೋದರಮಾವನ ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಮೊಬೈಲ್ ಫೋನಿನಲ್ಲಿ ಈ ಆಟವನ್ನು ಕಂಡು ಹುಚ್ಚು ಹಿಡಿದ ನಾನು, ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿಸಿ, ಹಾರ್ನು ದೀಪ ಬಿಚ್ಚಿಟ್ಟು, ಹಳ್ಳದ ದಂಡೆಯಲ್ಲಿ ಅಭ್ಯಾಸ ಶುರುಮಾಡಿದೆ. ಪಿ.ಯು.ಸಿ. ಓದುತ್ತಿದ್ದ ನನ್ನ ತಮ್ಮನೇ ವೀಕ್ಷಕ. ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಅವನು ನಿಷ್ಕರುಣೆಯಿಂದ ೫ ಬರೆಯುತ್ತಿದ್ದ.

ಮೂರು ತಿಂಗಳಲ್ಲಿ ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಫುಟ್‌ರೆಸ್ಟಿನ ಮೇಲೆ ನಿಂತು, ಮಂಡಿಯನ್ನು ತುಸು ಬಗ್ಗಿಸಿರಬೇಕು. ತಿರುವಿನಲ್ಲಿ ಗಾಡಿ ಒಳಗೆ ವಾಲಿದರೆ ಮೈ ಹೊರಗೆ ವಾಲಬೇಕು, ಹೊರಗಿನ ಕಾಲಿನ ಮೇಲೆ ಭಾರ ಬೀಳಬೇಕು. ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಕೆಟ್ಟೆವು. ನೋಟ ನಾಲ್ಕಾರು ಅಡಿ ಮುಂದಿರಬೇಕು. ಬಂಡೆ ಹತ್ತುವಾಗ ಮೊದಲು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಬಿಟ್ಟು ಮುಂದಿನ ಚಕ್ರವನ್ನು ಮೇಲಕ್ಕೆ ಇಡಬೇಕು. ಹಿಂದಿನ ಚಕ್ರ ಬಂಡೆಗೆ ತಾಗಿದ ಕ್ಷಣ ಆಕ್ಸಿಲರೇಟರ್ ಮುಚ್ಚಿ, ಬಗ್ಗಿದ ಕಾಲನ್ನು ನೆಟ್ಟಗೆ ಮಾಡಿದರೆ ಗಾಡಿ ತಾನೇ ಮೇಲೇರುತ್ತದೆ. ಕೊಡುವುದು ಸುಲಭ, ಮುಚ್ಚುವುದು ಕಷ್ಟ. ಈ ಆಟದ ಗುಟ್ಟೆಲ್ಲ ಸಕಾಲದಲ್ಲಿ ಮುಚ್ಚುವುದರಲ್ಲಿದೆ.

ಅಲ್ಲಿಯೇ ನಾನು ಎಡವಿದ್ದು. ಕಳೆದ ಬೇಸಗೆಯ ರಜೆಯಲ್ಲಿ ಒಂದು ದಿನ ಬೆಳಿಗ್ಗೆ ಆಕ್ಸಿಲರೇಟರ್ ಕೇಬಲ್ಲಿನ ತುದಿಯಲ್ಲಿ ಒಂದೆರಡು ಎಳೆ ಬಿಟ್ಟಿರುವುದನ್ನು ಕಣ್ಣಾರೆ ಕಂಡಿದ್ದೆ. “ನಾಳೆ ಪೇಟೆಗೆ ಹೋದಾಗ ಹೊಸದು ತಂದರಾಯಿತು” ಎಂದುಕೊಂಡೆ. ಅಂದು ಸೊಂಟದೆತ್ತರದ ಬಂಡೆ. ತಮ್ಮ ಮೇಲುಗಡೆ ನಿಂತಿದ್ದ. ಹಿಂದಿನ ಚಕ್ರ ಬಂಡೆಗೆ ತಾಗಿತು. ಕೈ ಹಿಂದಕ್ಕೆ ತಿರುಗಿತು. ಎಂಜಿನ್ ಮಾತ್ರ ಇಳಿಯಲಿಲ್ಲ. ಬಿಟ್ಟ ಎಳೆ ಹೊರಗಿನ ಕವಚದ ಬಾಯಿಗೆ ಸಿಕ್ಕಿಕೊಂಡು ಕೇಬಲ್ಲನ್ನು ತಡೆದಿತ್ತು. ನಾನು ಹಿಂದಕ್ಕೆ ಬಿದ್ದೆ. ಗಾಡಿ ಗರ್ಜಿಸುತ್ತ ಮೇಲೆ ಹೋಯಿತು. ತಮ್ಮ ಪಕ್ಕಕ್ಕೆ ಹಾರಿದರೂ ಅದು ಮಗುಚಿ ಅವನ ಪಾದದ ಮೇಲೆ ಬಿತ್ತು. ಮೂಳೆ ಮುರಿದು ಆರು ವಾರ ಪ್ಲಾಸ್ಟರು. ಅವನು ಒಳ್ಳೆಯ ಕಬಡ್ಡಿ ಆಟಗಾರ; ಆ ವರ್ಷ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದ. ಹೋಗಲಾಗಲಿಲ್ಲ.

ಮಾವ ಬೈಯಲಿಲ್ಲ. ಕೇಬಲ್ಲನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, “ಇದನ್ನು ನೀನು ಬೆಳಿಗ್ಗೆ ನೋಡಿದ್ದೆಯೇನೋ?” ಎಂದು ಮಾತ್ರ ಕೇಳಿದರು. “ನೋಡಿದ್ದೆ ಮಾವ” ಎಂದೆ. ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವ ತನಕ ಹತ್ತಕೂಡದೆಂದು ಅವರ ಅಪ್ಪಣೆಯಾಯಿತು. ಮುಂದಿನ ಮಾತುಗಳು ಆಗ ಅವರ ಬಳಿ ಕಲಿತವು.

ಕೇಬಲ್ಲಿನಲ್ಲಿ ಒಂದು ಎಳೆ ಹೋಗಿದ್ದರೂ ಅದು ಹೋದಂತೆಯೇ ಲೆಕ್ಕ. ಹ್ಯಾಂಡಲ್ಲನ್ನು ಪೂರಾ ಎಡಕ್ಕೂ ಪೂರಾ ಬಲಕ್ಕೂ ತಿರುಗಿಸಿ, ಆಕ್ಸಿಲರೇಟರ್ ತಿರುವಿ ಬಿಟ್ಟರೆ ‘ಟಕ್’ ಎಂದು ತಾನೇ ಮುಚ್ಚಿಕೊಳ್ಳಬೇಕು. ಕ್ಲಚ್ ಮತ್ತು ಬ್ರೇಕಿನ ಹಿಡಿಗಳನ್ನು ತೀರ ಬಿಗಿಯಬಾರದು. ಬಿದ್ದಾಗ ಹಿಡಿ ತಿರುಗಿಕೊಂಡರೆ ಮುರಿಯುವುದು ತಪ್ಪುತ್ತದೆ. ಚಕ್ರದ ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ ಕೇಳಬೇಕು. ಬಿಗಿಯಾದದ್ದು ‘ಟಿಣ್’ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಗಾಳಿ ಸೋಸುವ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಾಕಬೇಕು. ಅದರಲ್ಲಿ ತಪ್ಪಿದರೆ ಧೂಳು ಒಳಗೆ ಹೋಗಿ ಪಿಸ್ಟನ್ನನ್ನು ಅರೆಯುತ್ತದೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವುದೇಕೆಂದು ಹಲವರು ಕೇಳುವುದುಂಟು. ಅದರಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣ ಪಿಸ್ಟನ್ನಿನ ಕೆಳಗಿನ ಕೋಣೆಯ ಮೂಲಕವೇ ಮೇಲಕ್ಕೆ ಹೋಗುವುದರಿಂದ ಅಲ್ಲಿ ಬೇರೆಯಾಗಿ ಎಣ್ಣೆ ತುಂಬಿಡುವಂತಿಲ್ಲ. ನಮ್ಮ ಗಾಡಿಗೆ ಲೀಟರಿಗೆ ಸುಮಾರು ೪೦ ಮಿಲಿಲೀಟರ್. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ, ನಿಧಾನವಾಗಿ ಓಡಿಸುವಾಗ ಪ್ಲಗ್ಗು ಕಪ್ಪಾಗಿ ನಿಂತುಹೋಗುತ್ತದೆ. ಹಳ್ಳದಲ್ಲಿ ಬಿದ್ದು ಎಂಜಿನ್ ನೀರು ಕುಡಿದರೆ ಅವಸರದಿಂದ ಕಿಕ್ ಹೊಡೆಯಬಾರದು. ಪ್ಲಗ್ಗು ಬಿಚ್ಚಿ, ಮೆಲ್ಲಗೆ ಕಿಕ್ ಒತ್ತುತ್ತ ನೀರನ್ನು ಹೊರಹಾಕಬೇಕು. ನೀರು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಒಣಗಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ತುಂಡು ದಾರ. ಟ್ರಯಲ್ಸ್ ಸ್ಪರ್ಧಿಗಳು ಹ್ಯಾಂಡಲ್ಲಿನ ಮೇಲಿರುವ ಸ್ವಿಚ್ಚಿಗೂ ತಮ್ಮ ಮಣಿಕಟ್ಟಿಗೂ ಒಂದು ದಾರ ಕಟ್ಟಿಕೊಳ್ಳುತ್ತಾರೆ. ಸವಾರ ಬಿದ್ದರೆ ದಾರ ಕಿತ್ತು ಎಂಜಿನ್ ಆರುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ಏನೋ ಅಲಂಕಾರವೆಂದು ತಿಳಿದಿದ್ದೆ. ಈಗ ನಮ್ಮ ಗಾಡಿಗೂ ಅಂಥದೊಂದು ಸ್ವಿಚ್ಚು ಹಾಕಿದ್ದೇವೆ.

ಒಳ್ಳೆಯ ಸವಾರನೆಂದರೆ ಬಂಡೆ ಹತ್ತುವವನೆಂದು ನಾನು ಮೊದಲು ನಂಬಿದ್ದೆ. ಈಗ ಹಾಗೆನಿಸುವುದಿಲ್ಲ. ಬೆಳಿಗ್ಗೆ ಕಂಡ ದೋಷವನ್ನು ಬೆಳಿಗ್ಗೆಯೇ ಸರಿಪಡಿಸಿ, ಅದಾಗದಿದ್ದರೆ ಅಂದು ಗಾಡಿಯನ್ನು ಕೊಟ್ಟಿಗೆಯಲ್ಲೇ ಬಿಡುವವನು ಒಳ್ಳೆಯ ಸವಾರ. ಬಂಡೆ ಎಲ್ಲಿಗೂ ಹೋಗುವುದಿಲ್ಲ.

ತಮ್ಮನ ಕಾಲು ವಾಸಿಯಾಗಿದೆ; ಚಳಿಗಾಲದಲ್ಲಿ ಕೊಂಚ ನೋಯುತ್ತದಂತೆ. ಅವನು ಒಮ್ಮೆಯೂ ನನ್ನನ್ನು ದೂರಿಲ್ಲ. ಮತ್ತೆ ನೋಟ್‌ಬುಕ್ಕು ಹಿಡಿದು ಬರುತ್ತಾನೆ, ಆದರೆ ಈಗ ಹಾದಿಯ ಪಕ್ಕದಲ್ಲಿ ದೂರ ನಿಲ್ಲುತ್ತಾನೆ. ನಾನು ಗಾಡಿ ಹತ್ತುವ ಮುನ್ನ ತಾನೇ ಹತ್ತಿರ ಬಂದು ಹ್ಯಾಂಡಲ್ಲನ್ನು ಎರಡೂ ಕಡೆಗೆ ತಿರುಗಿಸಿ, ಆಕ್ಸಿಲರೇಟರ್ ತಿರುವಿ ಬಿಡುತ್ತಾನೆ. ‘ಟಕ್’ ಎಂದು ಕೇಳಿಸಿದ ಮೇಲೆಯೇ, “ಹೂಂ, ಹೋಗಣ್ಣ” ಎನ್ನುತ್ತಾನೆ.