ಮೂರನೆಯ ಎಲೆ ಮೂಡುವ ತನಕ

ಬಯಲಲ್ಲಿ ಮೇಯುವ ಹಸು ಹೆಚ್ಚು ಹಾಲು ಕೊಡಬೇಕಾದರೆ ಹುಲ್ಲುಗಾವಲು ವಿಸ್ತಾರವಾಗಿರಬೇಕು, ತಳಿ ಒಳ್ಳೆಯದಿರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಎರಡೂ ಬೇಕಾದವೇ. ಆದರೆ ಮೇವಿನ ಬಹುಪಾಲನ್ನು ಹಸಿ ಹುಲ್ಲಿನಿಂದಲೇ ಪಡೆಯುವ ನ್ಯೂಜಿಲೆಂಡಿನ ಹೈನುಗಾರಿಕೆಯನ್ನು ಗಮನಿಸಿದರೆ, ಇವೆರಡೂ ಫಲ ಕೊಡುವುದು ಇನ್ನೊಂದು ತೀರ್ಮಾನದಿಂದ ಎಂದು ತಿಳಿಯುತ್ತದೆ: ಒಮ್ಮೆ ಮೇಯಿಸಿದ ಜಾಗಕ್ಕೆ ಹಿಂಡನ್ನು ಮತ್ತೆ ಯಾವಾಗ ಬಿಡಬೇಕು? ಅಲ್ಲಿನ ರೈತರು ಗಾವಲನ್ನು ಬೇಲಿಯಿಂದ ಹತ್ತಾರು ತುಂಡು ಮಾಡಿ, ಹಾಲು ಕರೆದಾದ ಮೇಲೆ ಹಿಂಡನ್ನು ಒಂದು ತುಂಡಿಗೆ ಬಿಟ್ಟು, ಅರ್ಧ ದಿನಕ್ಕೋ ಒಂದು ದಿನಕ್ಕೋ ಮುಂದಿನದಕ್ಕೆ ಹೊಡೆಯುತ್ತಾರೆ. ಸರದಿ ಮುಗಿದು ಮೊದಲ ತುಂಡಿಗೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಿದರೆ ಹುಲ್ಲೂ ಕೆಡುತ್ತದೆ, ಹಾಲೂ ಇಳಿಯುತ್ತದೆ. ಆ ದಿನವನ್ನು ಹುಲ್ಲಿನ ಎಲೆಯನ್ನೇ ಕೇಳಬೇಕು.

ಅಲ್ಲಿನ ಗಾವಲಿನ ಮುಖ್ಯ ಹುಲ್ಲು ರೈಗ್ರಾಸ್. ಜೊತೆಗೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಬಿಳಿ ಕ್ಲೋವರ್. ರೈಗ್ರಾಸಿನ ಒಂದು ತೆಂಡೆಯಲ್ಲಿ, ಅಂದರೆ ಬುಡದಿಂದ ಒಡೆಯುವ ಕವಲಿನಲ್ಲಿ, ಏಕಕಾಲಕ್ಕೆ ಬದುಕಿರುವುದು ಸುಮಾರು ಮೂರು ಎಲೆ. ನಾಲ್ಕನೆಯದು ಹೊರಟಿತೆಂದರೆ ಮೊದಲನೆಯದು ಹಳದಿಯಾಗಿ ಸಾಯತೊಡಗುತ್ತದೆ. ಹಸು ಮೇದು ಹೋದ ಮೇಲೆ ಆಹಾರ ತಯಾರಿಸಲು ಹುಲ್ಲಿಗೆ ಹಸಿರು ಉಳಿದಿರುವುದಿಲ್ಲ. ನೆಲದಿಂದ 4-5 ಸೆಂಟಿಮೀಟರ್ ಎತ್ತರದ ಬುಡದಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡಿ ಅದು ಮೊದಲ ಎಲೆಯನ್ನು ಹೊರಡಿಸುತ್ತದೆ; ಆಗ ಬೇರಿನ ಬೆಳವಣಿಗೆಯೂ ಕುಂಠಿತವಾಗಿರುತ್ತದೆ. ಎರಡನೆಯ ಎಲೆಯ ಹೊತ್ತಿಗೆ ಖರ್ಚಾದದ್ದು ತುಂಬಿಕೊಳ್ಳುತ್ತದೆ, ಬೇರು ಇಳಿಯುತ್ತದೆ, ಹೊಸ ತೆಂಡೆ ಒಡೆಯುತ್ತದೆ. ಮೇವಿನ ತೂಕದ ಹೆಚ್ಚುಕಡಿಮೆ ಅರ್ಧ ಬರುವುದು ಮೂರನೆಯ ಎಲೆಯಿಂದ. ಒಂದೇ ಎಲೆ ಮೂಡಿದ ಜಾಗಕ್ಕೆ ಹಿಂಡು ಬಿಡುವುದೆಂದರೆ ಬಿತ್ತನೆಗೆ ಎತ್ತಿಟ್ಟ ಕಾಳನ್ನು ಉಂಡಂತೆ. ವಸಂತದಲ್ಲಿ ಒಂದು ಎಲೆಗೆ 7-10 ದಿನ ಸಾಕು, ಚಳಿಗಾಲದಲ್ಲಿ 20 ದಿನ ದಾಟುತ್ತದೆ. ಆದ್ದರಿಂದಲೇ ಅದೇ ಗಾವಲಿನ ಸರದಿ ಒಮ್ಮೆ 20-30 ದಿನ, ಇನ್ನೊಮ್ಮೆ 60 ದಿನಕ್ಕೂ ಹೆಚ್ಚು.

ಕಾದಷ್ಟೂ ಹುಲ್ಲು ಹೆಚ್ಚುವುದಾದರೆ ಇನ್ನೂ ಕಾಯಬಾರದೇಕೆ ಎಂದು ಕೇಳಬಹುದು. ಮೂರು ಎಲೆ ದಾಟಿದ ಮೇಲೆ ಸೇರುವುದು ಸತ್ತ ಎಲೆ ಮತ್ತು ದಂಟು. ನೆರಳಿಗೆ ಬಿದ್ದ ಬುಡದಲ್ಲಿ ಹೊಸ ತೆಂಡೆಗಳು ಸಾಯುತ್ತವೆ. ನಾರು ಬಲಿತ ಮೇವು ಹಸುವಿನ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಅದು ತಿನ್ನುವುದೇ ಕಡಿಮೆಯಾಗುತ್ತದೆ, ಹಾಲು ಆ ವಾರವೇ ಇಳಿಯುತ್ತದೆ. ವಸಂತದಲ್ಲಿ ಹುಲ್ಲು ಹಿಂಡನ್ನು ಮೀರಿ ಬೆಳೆದರೆ ಹೆಚ್ಚಾದ ತುಂಡುಗಳನ್ನು ಕೊಯ್ದು ರಸಮೇವು (ಸೈಲೇಜ್) ಮಾಡಿಡುವುದೇ ಸರಿ.

ಇದಕ್ಕಿಂತ ಬಲವಾದ ಆಕ್ಷೇಪ ಬಂದದ್ದು ನ್ಯೂಜಿಲೆಂಡಿನಿಂದಲೇ. ಫ್ರಾನ್ಸಿನ ರೈತ, ವಿಜ್ಞಾನಿ ಆಂದ್ರೆ ವಾಜಾಂ 1957ರ ತಮ್ಮ ಪುಸ್ತಕದಲ್ಲಿ, ಗಾವಲು ಹಾಳಾಗುವುದಕ್ಕೆ ಹಸುಗಳ ಸಂಖ್ಯೆಗಿಂತ ಕಾಲವೇ ಕಾರಣವೆಂದು ವಾದಿಸಿದ್ದರು: ಚೇತರಿಸಿಕೊಳ್ಳದ ಬುಡಕ್ಕೆ ಮತ್ತೆ ಬಾಯಿ ಹಾಕಲು ಒಂದೇ ಹಸುವಾದರೂ ಸಾಕು. ಆದರೆ ನ್ಯೂಜಿಲೆಂಡಿನ ರುವಾಕುರಾ ಸಂಶೋಧನಾ ಕೇಂದ್ರದ ಸಿ.ಪಿ. ಮ್ಯಾಕ್‌ಮೀಕನ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಮೇಯಿಸುವ ಕ್ರಮಕ್ಕಿಂತ ಎಕರೆಗೆ ಎಷ್ಟು ಹಸು ಎಂಬುದೇ ಹಾಲನ್ನು ಹೆಚ್ಚು ನಿರ್ಧರಿಸಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅವೇ ಪ್ರಯೋಗಗಳಲ್ಲಿ ಹಸುಗಳು ಹೆಚ್ಚಿದ್ದ ಕಡೆ ಸರದಿಯ ಲಾಭವೂ ಹೆಚ್ಚಾಗಿ ಕಂಡಿತು. ಹಸು ಕಡಿಮೆಯಿರುವಲ್ಲಿ ಹುಲ್ಲಿಗೆ ಬಿಡುವು ತಾನಾಗಿ ಸಿಗುತ್ತದೆ. ದಟ್ಟಣೆ ಏರಿದಲ್ಲಿ ಅದನ್ನು ಬೇಲಿ ಹಾಕಿ ಕಾಯಬೇಕು. ದಟ್ಟಣೆಗೆ ಮಿತಿಯೂ ಇರಲೇಬೇಕು: ಗಂಜಲ ಬಿದ್ದ ಜಾಗಗಳಿಂದ ನೈಟ್ರೇಟ್ ಜಿನುಗಿ ಅಲ್ಲಿನ ನದಿ, ಅಂತರ್ಜಲಗಳು ಕೆಟ್ಟಿವೆ. ಎಷ್ಟು ಚೆನ್ನಾಗಿ ಸರದಿ ನಡೆಸಿದರೂ ಈ ಕೇಡು ತಪ್ಪದು. ಇನ್ನು, ಕಾಳು-ಹಿಂಡಿ ತಿನ್ನುವ ಅಮೆರಿಕದ ಹಸು ನ್ಯೂಜಿಲೆಂಡಿನ ಹಸುವಿನ ಎರಡರಷ್ಟಕ್ಕೂ ಮೀರಿ ಹಾಲು ಕೊಡುತ್ತದೆಂಬುದು ನಿಜ. ಆದರೆ ಆ ಹೆಚ್ಚುವರಿಗೆ ಮೇವಿನ, ಕೊಯ್ಲಿನ, ಸಾಗಣೆಯ ಬೆಲೆ ತೆರಬೇಕು. ಬಯಲಿನ ಹಸು ಕೊಯ್ಲನ್ನು ತಾನೇ ಮಾಡಿಕೊಳ್ಳುತ್ತದೆ.

ಈ ಎಲೆಲೆಕ್ಕ ಕರ್ನಾಟಕಕ್ಕೆ ಹಾಗೆಯೇ ಹೊಂದುವುದಿಲ್ಲ. ರೈಗ್ರಾಸ್ ತಂಪು ಹವೆಯ ಹುಲ್ಲು. ನಮ್ಮ ಬಯಲುಸೀಮೆಯ ಹುಲ್ಲು ಮಳೆಯನ್ನು ನಂಬಿದ್ದು. ಆದರೆ ಬಿಡುವಿನ ವಿಚಾರ ನಮಗೆ ಹೊಸದಲ್ಲ. ಉಳುವ ಮತ್ತು ಎಳೆಯುವ ಎತ್ತುಗಳಿಗೆ ಹೆಸರಾದ ಅಮೃತಮಹಲ್ ದನಗಳಿಗಾಗಿ ಮೈಸೂರು ಸಂಸ್ಥಾನ ಇಟ್ಟಿದ್ದ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಎಲ್ಲರ ದನವೂ ದಿನವೂ ಮೇಯುವ ಗೋಮಾಳಕ್ಕೆ ಬಿಡುವು ಕೊಡಲು ಊರೊಟ್ಟಿನ ಒಪ್ಪಂದ ಬೇಕು, ಅದು ಸುಲಭವಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವವರು ಮಾತ್ರ ಈ ಬಿಡುವಿನ ಕ್ರಮವನ್ನು ಇಂದೇ ಪಾಲಿಸಬಹುದು. ನೇಪಿಯರ್ ಹುಲ್ಲನ್ನು ನೆಟ್ಟ ಸುಮಾರು 75 ದಿನಕ್ಕೆ ಮೊದಲ ಸಲ, ಆಮೇಲೆ 40-45 ದಿನಕ್ಕೊಮ್ಮೆ, ಬುಡದಲ್ಲಿ 10-15 ಸೆಂಟಿಮೀಟರ್ ಉಳಿಸಿ ಕೊಯ್ಯಬೇಕೆನ್ನುವುದರ ಹಿಂದೆ ಇರುವುದೂ ಇದೇ ಕಾರಣ. ನೆಲಮಟ್ಟಕ್ಕೆ ಕೊಯ್ದು, ಮೊಣಕಾಲೆತ್ತರ ಬಂದೊಡನೆ ಮತ್ತೆ ಕುಡುಗೋಲು ಹಾಕಿದರೆ ಬುಡ ಸೊರಗುತ್ತದೆ. ತಡಮಾಡಿ ದಂಟು ಬಲಿತರೆ ಹಸು ಎಲೆ ತಿಂದು ದಂಟನ್ನು ಗೋದಲಿಯಲ್ಲೇ ಬಿಡುತ್ತದೆ.